ಸಹಾಯ ಬೇಕು: ದುಬೈನಲ್ಲಿದ್ದೇನೆ, ಮಂಗಳೂರಿನಿಂದ ಬ್ಲ್ಯಾಕ್‌ಮೇಲ್

ಹೆಸರು ಬೇಡ, ದಯವಿಟ್ಟು. ದುಬೈನಲ್ಲಿ ಕೆಲಸ, ಹೆಂಡತಿ ಮಕ್ಕಳು ಊರಲ್ಲಿ. ಇಲ್ಲಿ ಒಬ್ಬ ಮಹಿಳೆಯ ಜೊತೆ ಸಂಬಂಧ ಇತ್ತು, ಮುಗಿದಿದೆ. ತಪ್ಪು ನನ್ನದೇ, ಬೈಯುವವರು ಆಮೇಲೆ ಬೈಯಿರಿ.

ಈಗ ಊರಿನಿಂದ ಆ ಮಹಿಳೆಯ ಸಂಬಂಧಿಕನೊಬ್ಬ ಐದು ಲಕ್ಷ ಕೇಳುತ್ತಿದ್ದಾನೆ. ನಿನ್ನೆ ರಾತ್ರಿ ಎರಡಕ್ಕೆ ನಮ್ಮ ಮನೆ ಗೇಟಿನ ಫೋಟೊ ಕಳಿಸಿದ. ಮಗಳ ಸೈಕಲ್ ಅದರಲ್ಲೇ ಕಾಣುತ್ತಿತ್ತು. ಇನ್ನೂ ದುಡ್ಡು ಕೊಟ್ಟಿಲ್ಲ, ಚಾಟ್ ಅಳಿಸಿಲ್ಲ.

ಭಾರತದಲ್ಲಿ 2018ರಿಂದ ವ್ಯಭಿಚಾರ ಅಪರಾಧವಲ್ಲ, ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 308ನೇ ಸೆಕ್ಷನ್ ಇದೆ. ಆದರೆ ಯುಎಇಯಲ್ಲಿ ಸಂಗಾತಿ ದೂರು ಕೊಟ್ಟರೆ ಈಗಲೂ ಕೇಸ್ ಆಗುತ್ತದೆ ಅಲ್ವಾ? ಹಾಗಾಗಿ ದುಬೈ ಪೊಲೀಸರ ಬಳಿ ಹೋಗಲು ಹೆದರಿಕೆ. ಭಾರತದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇಲ್ಲಿಂದಲೇ ದೂರು ಕೊಟ್ಟರೆ ಸಾಕಾ, ಇಲ್ಲ ಊರಲ್ಲಿ ವಕೀಲರನ್ನು ಹಿಡಿಯಬೇಕಾ? ಎರಡೂ ಕಡೆಯ ಕಾನೂನು ಗೊತ್ತಿರುವವರು ಇನ್‌ಬಾಕ್ಸ್‌ಗೆ ಬನ್ನಿ. ಶುಕ್ರವಾರದವರೆಗೆ ಗಡುವು ಕೊಟ್ಟಿದ್ದಾನೆ.