ವಾಲ್ವ್ ಕೆಲಸ ಆದ ಮೇಲೆ 407 ಬಿಸಿಯಾದಾಗ ಮಿಸ್ಸಿಂಗ್, ಹೆಡ್ ಮತ್ತೆ ಬಿಚ್ಚಬೇಕಾ?

ಆಲೂರು 407:
ನಮ್ಮದು ಹಳೇ ಟಾಟಾ 407 ಲಾರಿ. ನಾಲ್ಕು ಸಿಲಿಂಡರ್ 497 ಇಂಜಿನ್, ಮೆಕ್ಯಾನಿಕಲ್ ಡೀಸೆಲ್ ಪಂಪ್. ಆಲೂರು ಕಡೆಯಿಂದ ಹಾಸನಕ್ಕೆ ಶುಂಠಿ, ಕಾಫಿ ಮೂಟೆ ಹೊಡೆಯುವ ಗಾಡಿ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸುಟ್ಟು ಹೋಗಿತ್ತು. ಭಾವಮೈದ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಇಬ್ಬರೂ ಸೇರಿ ಕಣದಲ್ಲೇ ಹೆಡ್, ಅಂದರೆ ವಾಲ್ವ್ ಕೂತಿರುವ ಇಂಜಿನ್ ಮೇಲ್ಭಾಗ, ಇಳಿಸಿದೆವು. ಅದೊಂದಕ್ಕೆ ಹೊಸ ವಾಲ್ವ್ ಹಾಕಿ, ಎಲ್ಲವನ್ನೂ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿದೆವು. ವಾಲ್ವ್ ಕೂರುವ ಸೀಟು ಕಟ್ ಮಾಡಿಸಲಿಲ್ಲ, ಗುಂಡಿ ಬಿದ್ದಂತೆ ಕಾಣಲಿಲ್ಲ. ಹೆಡ್ ಮಗುಚಿ ಸೀಮೆಎಣ್ಣೆ ಹೊಯ್ದು ನೋಡಿದರೆ ಎಲ್ಲೂ ಜಿನುಗಲಿಲ್ಲ. ಹೊಸ ಹೆಡ್ ಗ್ಯಾಸ್ಕೆಟ್, ಟಾರ್ಕ್ ರೆಂಚಲ್ಲೇ ಬಿಗಿ, ಟ್ಯಾಪೆಟ್ ಗ್ಯಾಪ್ (ವಾಲ್ವ್ ಕಡ್ಡಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಪುಸ್ತಕದಲ್ಲಿ ಇದ್ದ ಹಾಗೆಯೇ.

ಈಗಿನ ಕಥೆ ಏನೆಂದರೆ, ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಮೊದಲಿಗೆ ಚೆನ್ನಾಗಿಯೇ ಓಡುತ್ತದೆ. ಬಿಸಿ ಏರಿದ ಮೇಲೆ ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ) ಮಿಸ್ಸಿಂಗ್, ಒಂದು ಸಿಲಿಂಡರ್ ಹೊತ್ತದೆ ತಪ್ಪಿದ ಹಾಗೆ, ಕ್ಯಾಬಿನ್ ಎಲ್ಲ ನಡುಗುತ್ತದೆ. ಏರು ಬಂದರೆ ಪಿಕಪ್ ಇಲ್ಲ. ಬಿಳಿ ಹೊಗೆ, ಕಣ್ಣು ಉರಿಯುವ ಹಸಿ ಡೀಸೆಲ್ ವಾಸನೆ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ನೀರೂ ಕಡಿಮೆ ಆಗುತ್ತಿಲ್ಲ. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಶುಂಠಿ ಕೀಳುವ ಹೊತ್ತು, ಗಾಡಿ ನಿಲ್ಲಿಸಿಕೊಂಡು ಕೂರುವ ಹಾಗಿಲ್ಲ. ಹೆಡ್ ಮತ್ತೆ ಇಳಿಸಬೇಕಾ?

ಬೇಲೂರು ರೋಡ್:
ಡೀಸೆಲ್ ಲೈನಲ್ಲಿ ಏರ್ ಹಿಡಿದಿರಬೇಕು ಅಣ್ಣ. ಫಿಲ್ಟರ್ ಬದಲಿಸಿ, ಏರ್ ತೆಗೆಯಿರಿ. ಆಗಲಿಲ್ಲ ಅಂದರೆ ಪಂಪ್ ಬಿಚ್ಚಿ ಪಂಪ್ ಶಾಪಿಗೆ ಕೊಟ್ಟುಬಿಡಿ, ಟೈಮಿಂಗ್ ಸಮೇತ ನೋಡುತ್ತಾರೆ.

ಶಿರಾಡಿ ಹಳಬ:
ಪಂಪ್ ಮುಟ್ಟಬೇಡಿ! ಇವರು ಅದನ್ನು ಬಿಚ್ಚಿಯೇ ಇಲ್ಲ, ಟೈಮಿಂಗ್ ಎಲ್ಲಿಂದ ಹೋಗುತ್ತದೆ? ಇದು ಪುಷ್ ರಾಡ್ ಇಂಜಿನ್, ವಾಲ್ವ್ ಆಡಿಸುವ ಕ್ಯಾಮ್ ಇರುವುದು ಕೆಳಗೆ ಬ್ಲಾಕಿನಲ್ಲಿ, ಅದು ಪುಷ್ ರಾಡ್ ಅನ್ನುವ ಉದ್ದ ಕಡ್ಡಿಯಿಂದ ಮೇಲಿನ ರಾಕರನ್ನು ಒತ್ತುತ್ತದೆ. ಹೆಡ್ ಇಳಿಸಿದರೂ ಕ್ಯಾಮ್ ಟೈಮಿಂಗ್ ಅಲ್ಲಾಡುವುದಿಲ್ಲ. ಏರ್ ಹಿಡಿದಿದ್ದರೆ ಬೆಳಗ್ಗೆ ಸ್ಟಾರ್ಟ್ ಆಗುವಾಗಲೇ ಸತಾಯಿಸುತ್ತಿತ್ತು. ನಿಮ್ಮದು ಒಂದೇ ಸೆಲ್ಫಿಗೆ ಏಳುತ್ತಿದೆ.

ನನ್ನ ಲೆಕ್ಕದಲ್ಲಿ ಇದು ಟ್ಯಾಪೆಟ್. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಕೆಡುತ್ತದೆ ಅನ್ನುವುದೇ ಗುರುತು. ಎಕ್ಸಾಸ್ಟ್ ವಾಲ್ವ್ ಕಾದಾಗ ಅದರ ಕಡ್ಡಿ ಉದ್ದವಾಗುತ್ತದೆ. ಅದಕ್ಕೆ ಜಾಗ ಇರಲಿ ಅಂತಲೇ ಗ್ಯಾಪ್ ಬಿಡುವುದು. ಗ್ಯಾಪ್ ಸಾಲದಿದ್ದರೆ ವಾಲ್ವ್ ಸೀಟಿಗೆ ಪೂರ್ತಿ ಕೂರುವುದಿಲ್ಲ, ಕಂಪ್ರೆಶನ್ ಸೋರುತ್ತದೆ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಗಾಳಿಯನ್ನು ಒತ್ತಿದ ಬಿಸಿಗೇ ಹೊತ್ತಿಕೊಳ್ಳಬೇಕು. ಆ ಬಿಸಿ ಸಾಲದಿದ್ದರೆ ಡೀಸೆಲ್ ಹಸಿಯಾಗಿಯೇ ಸೈಲೆನ್ಸರಿಗೆ ಬರುತ್ತದೆ. ನಿಮ್ಮ ಬಿಳಿ ಹೊಗೆ ಅದೇ. ಹೀಗೇ ಲೋಡ್ ಓಡಿಸಿದರೆ ಹೊಸ ವಾಲ್ವ್ ಕೂಡ ಸುಡುತ್ತದೆ. ವಾಲ್ವಿನ ಬಿಸಿ ಸೀಟಿಗೆ ತಾಗಿದಾಗ ತಾನೇ ಇಳಿಯುವುದು?

ಮೊದಲು ಯಾವ ಸಿಲಿಂಡರ್ ಅಂತ ಹಿಡಿಯಿರಿ. ಇಂಜಿನ್ ಬಿಸಿಯಾಗಿ ಮಿಸ್ಸಿಂಗ್ ಶುರುವಾದ ಮೇಲೆ, ಸ್ಲೋದಲ್ಲೇ ಬಿಟ್ಟು, ಡೀಸೆಲ್ ಚಿಮ್ಮಿಸುವ ನಾಝಲ್ ಪೈಪಿನ ನಟ್ ಒಂದೊಂದಾಗಿ ಅರ್ಧ ಸುತ್ತು ಸಡಿಲ ಮಾಡಿ. ಸದ್ದು ಇನ್ನೂ ಕೆಟ್ಟರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಅಂತ. ಏನೂ ವ್ಯತ್ಯಾಸ ಆಗದಿದ್ದರೆ ಕಳ್ಳ ಅವನೇ. ನಟ್ ಮೇಲೆ ದಪ್ಪ ಬಟ್ಟೆ ಹಾಕಿ, ಗ್ಲೌಸ್, ಕನ್ನಡಕ ಇರಲಿ. ಕೈಯನ್ನಂತೂ ಹತ್ತಿರ ಒಯ್ಯಬೇಡಿ. ಈ ಹಳೇ ಇಂಜಿನ್ನಿನಲ್ಲೂ ನಾಝಲ್ ಬಿಡುವುದು 200 ಬಾರ್ ಆಸುಪಾಸಿನಲ್ಲಿ, ಚರ್ಮದೊಳಗೆ ಡೀಸೆಲ್ ಹೊಕ್ಕರೆ ಬೆರಳು ಉಳಿಯುವುದೇ ಕಷ್ಟ. ಇದನ್ನು ಓದಿ ಯಾರೂ ಹೊಸ ಮಾದರಿಯ ಕಾಮನ್ ರೈಲ್ ಗಾಡಿಯಲ್ಲಿ ಮಾಡಲು ಹೋಗಬೇಡಿ, ಅಲ್ಲಿ ಒತ್ತಡ ಇದರ ಎಷ್ಟೋ ಪಟ್ಟು.

ಆಮೇಲೆ ಆ ಸಿಲಿಂಡರಿನ ನಾಝಲನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ. ಮಿಸ್ಸಿಂಗ್ ನಾಝಲ್ ಜೊತೆಗೇ ಹೋದರೆ ನಾಝಲ್, ಅಲ್ಲೇ ಉಳಿದರೆ ವಾಲ್ವ್. ತೆಗೆದಾಗ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ತಾಮ್ರದ ವಾಷರ್ ಹೆಡ್ಡಿಗೆ ಅಂಟಿಕೊಂಡೇ ಇದ್ದು, ಅದರ ಮೇಲೆ ಹೊಸದು ಕೂತಿದ್ದರೂ ಇದೇ ಗೋಳು.

ಆಲೂರು 407:
ಅಣ್ಣ, ನೀವು ಹೇಳಿದ ಹಾಗೇ ನೋಡಿದೆವು. 1, 2, 4 ಸಡಿಲ ಮಾಡಿದರೆ ಇಂಜಿನ್ ಸತ್ತಂತೆ ಆಗುತ್ತದೆ, 3ಕ್ಕೆ ಕ್ಯಾರೇ ಇಲ್ಲ. 2 ಮತ್ತು 3ರ ನಾಝಲ್ ಬದಲಿಸಿದೆವು, ಆಗಲೂ 3ರಲ್ಲೇ. ವಾಷರ್ ಒಂದೇ ಇತ್ತು. ರಾತ್ರಿ ತಣ್ಣಗಾಗಲು ಬಿಟ್ಟು ಗ್ಯಾಪ್ ಅಳೆದರೆ 3ರ ಎಕ್ಸಾಸ್ಟಿಗೆ ಫೀಲರ್ ಗೇಜಿನ 0.05 ಮಿ.ಮೀ. ಎಲೆಯೇ ಕಷ್ಟಪಟ್ಟು ಹೋಯಿತು. ಮಿಕ್ಕವೂ ಇಟ್ಟದ್ದಕ್ಕಿಂತ ಸ್ವಲ್ಪ ಕಮ್ಮಿಯೇ. ಲಾಕ್ ನಟ್ ಎಲ್ಲ ಬಿಗಿಯಾಗಿವೆ. ಭಾವಮೈದ ಸರಿಯಾಗಿಯೇ ಇಟ್ಟಿದ್ದ, ನಾನೇ ಎಲೆ ಎಳೆದು ನೋಡಿದ್ದೆ. ಹಾಗಾದರೆ ಗ್ಯಾಪ್ ಎಲ್ಲಿ ಹೋಯಿತು?

ಲೇತ್ ಕೆಲಸ:
ಎರಡು ಕಾರಣ ಕೂಡಿಕೊಂಡಿವೆ. ಹೊಸ ಗ್ಯಾಸ್ಕೆಟ್ ಒಂದು ಸಲ ಬಿಸಿಯಾದರೆ ಇನ್ನಷ್ಟು ಅಮುಕಿಕೊಳ್ಳುತ್ತದೆ. ಹೆಡ್ ಕೂದಲೆಳೆಯಷ್ಟು ಕೆಳಗೆ ಇಳಿದರೂ ಜೊತೆಗೆ ರಾಕರ್ ಶಾಫ್ಟ್ ಇಳಿಯುತ್ತದೆ. ಪುಷ್ ರಾಡ್ ಉದ್ದ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಎಲ್ಲ ಗ್ಯಾಪೂ ಒಂದಿಷ್ಟು ಕಮ್ಮಿ ಆಗಿದೆ. 3ರಲ್ಲಿ ಜಾಸ್ತಿ ಹೋಗಿದ್ದು ಸೀಟಿನಿಂದ. ವಾಲ್ವ್ ಸುಟ್ಟಲ್ಲಿ ಸೀಟಿಗೂ ಪೆಟ್ಟು ಬಿದ್ದಿರುತ್ತದೆ. ಬರೀ ಪೇಸ್ಟಿನಲ್ಲಿ ಉಜ್ಜಿದರೆ ಹೊಸ ವಾಲ್ವ್ ಉಬ್ಬುಗಳ ಮೇಲಷ್ಟೇ ಕೂರುತ್ತದೆ. ಇಂಜಿನ್ ಓಡಿದಾಗ ಆ ಉಬ್ಬು ತಟ್ಟಿ ಸಮ ಆಗಿ ವಾಲ್ವ್ ಒಳಕ್ಕೆ ಸರಿಯುತ್ತದೆ, ಕಡ್ಡಿಯ ತುದಿ ರಾಕರ್ ಕಡೆಗೆ ಏಳುತ್ತದೆ. ಸೀಮೆಎಣ್ಣೆ ನಿಂತಿತು ಅಂದರೆ ಸೋರಿಕೆ ಇಲ್ಲ ಅಂತ ಅಷ್ಟೇ, ಸೀಟು ಪೂರ್ತಿ ಅಗಲಕ್ಕೆ ಕೂತಿದೆ ಅಂತಲ್ಲ.

ಈಗಲೇ ಹೆಡ್ ಇಳಿಸಬೇಡಿ. ಪುಸ್ತಕದಲ್ಲಿ ಇರುವ ಕ್ರಮದಲ್ಲಿ, ನಡುವಿನಿಂದ ಹೊರಕ್ಕೆ, ಹೆಡ್ ಬೋಲ್ಟ್ ಮತ್ತೊಮ್ಮೆ ಟಾರ್ಕ್ ಮಾಡಿ. ಟ್ಯಾಪೆಟ್ ಅದಾದ ಮೇಲೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್ ಹೊತ್ತುವ ಸರದಿ, 1-3-4-2, ಫ್ಯಾನ್ ಕಡೆಯದು 1. ನಾಲ್ಕರ ಎರಡೂ ವಾಲ್ವ್ ಆಡುವಾಗ, ಅಂದರೆ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಲೆಟ್ ತೆರೆಯುವಾಗ, 1ರದ್ದು ಸೆಟ್ ಮಾಡಿ. 2 ಆಡುವಾಗ 3, 1 ಆಡುವಾಗ 4, 3 ಆಡುವಾಗ 2. ಸುಮ್ನೆ ಪುಷ್ ರಾಡ್ ಕೈಗೆ ಸಡಿಲ ಸಿಕ್ಕಿತು ಅಂತ ಸೆಟ್ ಮಾಡುವವರು ತುಂಬಾ ಜನ, ಅದು ಬೇಡ.

ಆಮೇಲೆ ಓಡಿಸಿ, ತಣಿಸಿ, 3ನ್ನು ಮತ್ತೆ ಅಳೆಯಿರಿ. ಗ್ಯಾಪ್ ನಿಂತಿದ್ದರೆ ಸೀಟು ಕೂತಿದೆ. ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದರೆ ಸೀಟು ಸವೆಯುತ್ತಿದೆ, ಆಗ ಹೆಡ್ ಇಳಿಸಿ ಹೊಸ ಸೀಟ್ ಹೊಡೆಸಲೇಬೇಕು.

ಬೇಲೂರು ರೋಡ್:
ನನಗೂ ಒಂದು ಪಾಠ ಆಯಿತು. ಆದರೂ ಆ ಡೀಸೆಲ್ ಫಿಲ್ಟರ್ ಬದಲಿಸಿಬಿಡಿ ಅಣ್ಣ, ನಷ್ಟ ಏನಿಲ್ಲ.

ಆಲೂರು 407:
ಫಿಲ್ಟರ್ ಬದಲಿಸಿದೆ ಮಾರಾಯ. ಹೆಡ್ ಬೋಲ್ಟುಗಳಲ್ಲಿ ಕೆಲವು ಸ್ವಲ್ಪ ತಿರುಗಿದವು, ನಡುವಿನವು ಜಾಸ್ತಿ. ಎಂಟೂ ಟ್ಯಾಪೆಟ್ ಹೊಸದಾಗಿ ಸೆಟ್ ಮಾಡಿ ಖಾಲಿ ಗಾಡಿಯಲ್ಲಿ ಸಕಲೇಶಪುರಕ್ಕೆ ಹೋಗಿ ಬಂದೆ. ಬಿಸಿಯಲ್ಲೂ ಸ್ಲೋ ಸಮನಾಗಿ ನಿಂತಿದೆ, ಹೊಗೆ ಇಲ್ಲ. ತಣಿದ ಮೇಲೆ ಅಳೆದರೆ 3ರಲ್ಲಿ ಗ್ಯಾಪ್ ಇಟ್ಟಷ್ಟೇ ಇದೆ. ನಾಳೆ ಅರ್ಧ ಲೋಡ್ ಶುಂಠಿ ಹಾಕಿ ಹಾಸನಕ್ಕೆ ಬಿಡುತ್ತೇನೆ, ಬಂದು ಮತ್ತೆ ಅಳೆಯುತ್ತೇನೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಪದೇ ಪದೇ ಬಿಚ್ಚಿ ಹರಿದು, ಆಯಿಲ್ ಜಿನುಗುತ್ತಿದೆ. ಕಾರ್ಕಿನದು ತರಲಾ, ರಬ್ಬರಿನದು ತರಲಾ?

ಶಿರಾಡಿ ಹಳಬ:
ರಬ್ಬರಿನದು ಸಿಕ್ಕರೆ ಅದನ್ನೇ ತನ್ನಿ, ಮತ್ತೆ ಬಿಚ್ಚಿದರೂ ಹರಿಯುವುದಿಲ್ಲ. ಕಾರ್ಕಾದರೆ ಎರಡು ತಂದಿಟ್ಟುಕೊಳ್ಳಿ.