ಕೆನಡಾ ಪಿಆರ್ (ಕಾಯಂ ನಿವಾಸ): ಮೊದಲ ಸಲ ಇಳಿಯುವಾಗ ಕೈಯಲ್ಲಿ ಏನೇನಿರಬೇಕು?

ಪ್ರಶ್ನೆ: ಮೈಸೂರಿನಿಂದ ಟೊರಾಂಟೋಗೆ ಹೊರಟಿದ್ದೇವೆ. ಸಿಒಪಿಆರ್ (ಪಿಆರ್ ಸಿಕ್ಕಿದೆ ಎಂಬ ದೃಢೀಕರಣ ಪತ್ರ) ಬಂದಿದೆ. ಅಮ್ಮ ಕೊಟ್ಟ ಒಡವೆ ಜೊತೆಗಿದೆ, ಪುಸ್ತಕ, ಪಾತ್ರೆಗಳು ಆಮೇಲೆ ಹಡಗಿನಲ್ಲಿ ಬರುತ್ತವೆ. ಕಸ್ಟಮ್ಸ್‌ನಲ್ಲಿ ಹೇಗೆ ತೋರಿಸಬೇಕು?

ಉತ್ತರ 1: ಎರಡು ಪಟ್ಟಿ ಮಾಡಿ, ಜೊತೆಗೆ ತರುವುದು ಒಂದು, ಆಮೇಲೆ ಬರುವುದು ಇನ್ನೊಂದು, ಪ್ರತಿಯೊಂದಕ್ಕೂ ಅಂದಾಜು ಬೆಲೆ ಬರೆಯಿರಿ. ಬಿಎಸ್ಎಫ್186 ಫಾರಂ ಇದಕ್ಕೇ ಇರುವುದು. ಎರಡನೇ ಪಟ್ಟಿಯನ್ನು ಇಳಿದ ದಿನವೇ ಕೊಡಬೇಕು, ಇಲ್ಲದಿದ್ದರೆ ಆಮೇಲೆ ಬರುವ ಸಾಮಾನಿಗೆ ಸುಂಕ ಬೀಳಬಹುದು. ಒಡವೆಗೆ ಅಕ್ಕಸಾಲಿಗರಿಂದ ಬೆಲೆಪತ್ರ ಮಾಡಿಸಿ, ಬಳೆ, ಸರ ಎಲ್ಲದರ ಫೋಟೋ ತೆಗೆದಿಡಿ.

ಉತ್ತರ 2: ಸಿಒಪಿಆರ್ ಮುಗಿಯುವ ದಿನಾಂಕ ಈಗಲೇ ನೋಡಿಕೊಳ್ಳಿ. ಅದರೊಳಗೆ ಇಳಿಯಲೇಬೇಕು. 10,000 ಕೆನಡಾ ಡಾಲರ್ ಅಥವಾ ಜಾಸ್ತಿ ಹಣ ಜೊತೆಗಿದ್ದರೆ ಕಸ್ಟಮ್ಸ್‌ನಲ್ಲಿ ಹೇಳಿಬಿಡಿ, ಅದಕ್ಕೆ ತೆರಿಗೆ ಇಲ್ಲ, ಮುಚ್ಚಿಟ್ಟರೆ ಮಾತ್ರ ತೊಂದರೆ.

ಉತ್ತರ 3: ಕಾಗದಪತ್ರ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ!