‘ಸೀನಿಯರ್ ದ್ಯಾನ್’ ತಪ್ಪಾ?

ಪ್ರಶ್ನೆ: ಆಫೀಸ್ ಮೇಲ್‌ನಲ್ಲಿ ‘ಶಿ ಈಸ್ ಸೀನಿಯರ್ ದ್ಯಾನ್ ಮಿ’ ಅಂತ ಬರೆದಿದ್ದೆ. ಮ್ಯಾನೇಜರ್ ‘ದ್ಯಾನ್’ ಹೊಡೆದು ‘ಟು’ ಹಾಕಿ ವಾಪಸ್ ಕಳಿಸಿದರು. ‘ನನಗಿಂತ’ ಅಂದರೆ ದ್ಯಾನ್ ಅಲ್ವಾ?

ಉತ್ತರ 1: ಅವರು ತಿದ್ದಿದ್ದೇ ಸರಿ. ಸೀನಿಯರ್, ಜೂನಿಯರ್, ಸುಪೀರಿಯರ್ ಇವೆಲ್ಲ ಲ್ಯಾಟಿನ್‌ನಿಂದ ಬಂದ ಪದಗಳು, ‘ಇನ್ನೂ ಹೆಚ್ಚು’ ಅನ್ನುವ ಅರ್ಥ ಅವುಗಳ ಹೊಟ್ಟೆಯಲ್ಲೇ ಇದೆ, ಅವಕ್ಕೆ ಟು ಬರುತ್ತದೆ. ‘ಓಲ್ಡರ್’ ಅಂದರೆ ಮಾತ್ರ ದ್ಯಾನ್.

ಉತ್ತರ 2: ನಾವು ಕನ್ನಡದ ವಿಭಕ್ತಿಯನ್ನೇ ಎತ್ತಿಕೊಂಡು ಹೋಗುತ್ತೇವೆ. ‘ಅವನ ಜೊತೆ ಮದುವೆ’ ಅನ್ನುತ್ತೇವಲ್ಲ, ಅದಕ್ಕೇ ‘ಮ್ಯಾರೀಡ್ ವಿತ್’ ಅಂತ ಬರೆದುಬಿಡುತ್ತೇವೆ. ಬೇಕಾದದ್ದು ‘ಮ್ಯಾರೀಡ್ ಟು’. ನಾನಂತೂ ‘ಗುಡ್ ಅಟ್’, ‘ಅಫ್ರೇಡ್ ಆಫ್’ ಹೀಗೆ ಬಾಲದ ಸಮೇತ ಬರೆದಿಟ್ಟುಕೊಳ್ಳುತ್ತೇನೆ.

ಕೇಳಿದವರು: ಅಯ್ಯೋ, ನಿನ್ನೆ ತಾನೇ ವೀಸಾ ಪತ್ರದಲ್ಲಿ ‘ಮ್ಯಾರೀಡ್ ವಿತ್’ ಅಂತ ಬರೆದು ಕೊಟ್ಟು ಬಂದೆ!